ತಿದ್ದಿದ ಕಾಗದ ವಾಪಸ್ ಬರಬೇಕು

(ಆನ್‌ಲೈನ್ ಶಿಕ್ಷಣ ಹೇಗೆ ನಡೆಯುತ್ತದೆ ಎಂಬ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ಸಣ್ಣ ಕೆಲಸ. ಆನ್‌ಲೈನ್ ಕ್ಲಾಸಿನಲ್ಲಿ ಒಂದು ಸಲವಾದರೂ ಕೂತವರು ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಈಗ, ಅಲ್ಲಿ ಕಲಿತದ್ದರಲ್ಲಿ ಒಂದನ್ನು ಪಕ್ಕದಲ್ಲಿ ಕೂತವರಿಗೆ ಈಗಲೇ ಬಿಡಿಸಿ ಹೇಳಬಲ್ಲೆ ಅನ್ನುವವರು ಮಾತ್ರ ಕೈ ಮೇಲಿಟ್ಟುಕೊಳ್ಳಿ. ಎಷ್ಟೊಂದು ಕೈ ಇಳಿದವು ನೋಡಿ! ನಾಚಿಕೊಳ್ಳಬೇಡಿ. ಮಾಮೂಲಿ ತರಗತಿಯ ಬಗ್ಗೆ ಕೇಳಿದ್ದರೂ ಒಂದಷ್ಟು ಕೈ ಇಳಿಯುತ್ತಿದ್ದವು. ಆದರೆ ಇಷ್ಟು ಬೇಗ ಇಳಿಯುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಆನ್‌ಲೈನ್ ಶಿಕ್ಷಣ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ವಿಡಿಯೊ. ಮೇಷ್ಟ್ರು ಪರದೆಯ ಮೇಲೆ ಮಾತಾಡುತ್ತಾರೆ, ನಾವು ನೋಡುತ್ತೇವೆ, ಅಲ್ವಾ? ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಎಷ್ಟೋ ವರ್ಷಗಳಿಂದ ಸಂಖ್ಯಾಶಾಸ್ತ್ರವನ್ನು ಆನ್‌ಲೈನ್‌ನಲ್ಲಿ ಕಲಿಸುತ್ತಿದ್ದೇನೆ. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಮೈಕು, ಒಳ್ಳೆಯ ಬೆಳಕು ಇದ್ದರೆ ಪಾಠ ತಾನಾಗಿ ತಲೆಗೆ ಹೋಗುತ್ತದೆ ಅಂತ ನಂಬಿದ್ದವನು ನಾನು. ಈಗ ಆ ನಂಬಿಕೆ ಇಲ್ಲ. ಯಾಕೆ ಅಂತ ಹೇಳಬೇಕಾದರೆ ಇಂಟರ್ನೆಟ್ ಹುಟ್ಟುವ ಮುಂಚಿನ ಕಥೆಯೊಂದನ್ನು ಹೇಳಬೇಕು.

1840ರಲ್ಲಿ ಬ್ರಿಟನ್ನಿನಲ್ಲಿ ಹೊಸ ಅಂಚೆ ವ್ಯವಸ್ಥೆ ಬಂತು. ಕಾಗದ ದೇಶದೊಳಗೆ ಎಷ್ಟು ದೂರ ಹೋದರೂ ಒಂದೇ ದರ, ಒಂದು ಪೆನ್ನಿ. ಐಸಾಕ್ ಪಿಟ್‌ಮನ್ ಎಂಬಾತ ಮೂರು ವರ್ಷ ಮುಂಚೆಯಷ್ಟೇ ತನ್ನದೊಂದು ಶೀಘ್ರಲಿಪಿಯ ಪುಸ್ತಕ ಹೊರತಂದಿದ್ದ. ಶಾರ್ಟ್‌ಹ್ಯಾಂಡ್ ಅಂತೀವಲ್ಲ, ಅದೇ. ಅಂಚೆ ಅಗ್ಗವಾದದ್ದೇ ತಡ, ಅದರ ಮೂಲಕವೇ ಪಾಠ ಶುರುಮಾಡಿದ. ವಿದ್ಯಾರ್ಥಿ ಒಂದು ಭಾಗವನ್ನು ಶೀಘ್ರಲಿಪಿಯಲ್ಲಿ ಬರೆದು ಕಳಿಸಬೇಕು. ತಪ್ಪು ತಿದ್ದಿ ಆ ಕಾಗದವನ್ನು ವಾಪಸ್ ಕಳಿಸಲಾಗುತ್ತಿತ್ತು.

ಇದರಲ್ಲಿ ಪಾಠ ಎಲ್ಲಿದೆ? ಶೀಘ್ರಲಿಪಿಯ ಗೆರೆಗಳೆಲ್ಲ ಅಚ್ಚಾದ ಪುಸ್ತಕದಲ್ಲೇ ಇದ್ದವು. ಯಾರು ಬೇಕಾದರೂ ಕೊಂಡು ಓದಬಹುದಿತ್ತು. ಜನಕ್ಕೆ ಬೇಕಾಗಿದ್ದದ್ದು ಆ ವಾಪಸ್ ಬರುವ ಕಾಗದ. "ಇಲ್ಲಿ ಗೆರೆ ಜಾಸ್ತಿ ಬಾಗಿದೆ" ಅಂತ ಯಾರೋ ಒಬ್ಬರು ನನ್ನ ಬರವಣಿಗೆಯನ್ನು ನೋಡಿ ಹೇಳಿದ ಮಾತು. ಇವತ್ತಿನ ಆನ್‌ಲೈನ್ ಕೋರ್ಸುಗಳನ್ನೂ ನಾನು ಈ ಒಂದೇ ಅಳತೆಯಿಂದ ನೋಡುತ್ತೇನೆ. ನಾನು ಕಳಿಸಿದ ಕಾಗದ ವಾಪಸ್ ಬರುತ್ತದಾ? ಎಷ್ಟು ಬೇಗ? ಯಾರು ತಿದ್ದಿದ್ದಾರೆ?

ಆಮೇಲಿನ ಚರಿತ್ರೆಯನ್ನು ಓಡಿಸಿಬಿಡುತ್ತೇನೆ. 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಅನ್ನುವ ಕಂಪ್ಯೂಟರ್ ಪಾಠ ಶುರುವಾಯಿತು. 1973ರ ಹೊತ್ತಿಗೆ ಅದರಲ್ಲಿ ಚರ್ಚೆಯ ಫಲಕವೂ ಇತ್ತು, ಚಾಟ್ ಕೂಡ ಇತ್ತು! ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಹುಟ್ಟಿ 1971ರಲ್ಲಿ ಪಾಠ ಆರಂಭಿಸಿತು. ಅದರ ಟಿವಿ ಕಾರ್ಯಕ್ರಮಗಳು ಎಲ್ಲರ ಬಾಯಲ್ಲೂ ಇದ್ದವು. ಆದರೆ ಅದು ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡಿದ್ದು ಟ್ಯೂಟರುಗಳು ತಿದ್ದಿ ಕಳಿಸುತ್ತಿದ್ದ ಅಸೈನ್‌ಮೆಂಟುಗಳು. ನೋಡಿ, ಮತ್ತೆ ಅದೇ ಕಾಗದ.

ಈಗ ಇವತ್ತಿಗೆ ಬರೋಣ. ನೀವು ಒಂದು ಕೋರ್ಸಿಗೆ ಸೇರಿ ಲಾಗಿನ್ ಆದಿರಿ. ಪರದೆಯ ಹಿಂದೆ ಏನು ನಡೆಯುತ್ತದೆ?

ಅಲ್ಲಿ ಒಂದು ದೊಡ್ಡ ಹಾಜರಿ ಪುಸ್ತಕ ಇದೆ ಅಂದುಕೊಳ್ಳಿ. ಕಲಿಕಾ ನಿರ್ವಹಣಾ ವ್ಯವಸ್ಥೆ ಅಂತ ಅದಕ್ಕೆ ಉದ್ದನೆಯ ಹೆಸರು. 2002ರಲ್ಲಿ ಬಂದ ಮೂಡಲ್ ಇವುಗಳಲ್ಲೊಂದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಯಾರು ಸೇರಿದ್ದಾರೆ, ಯಾವ ಪಾಠ ತೆರೆದರು, ಯಾವ ಕ್ವಿಜ್‌ನಲ್ಲಿ ಎಷ್ಟು ಬಂತು, ಅಸೈನ್‌ಮೆಂಟ್ ಯಾವ ದಿನ ಎಷ್ಟು ಗಂಟೆಗೆ ಕೊಟ್ಟರು, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ರಾತ್ರಿ 11 ಗಂಟೆ 58 ನಿಮಿಷಕ್ಕೆ ಕೊಟ್ಟರೆ ಅದೂ ಗೊತ್ತಾಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಈ 11:58ರ ಬಳಗ ಬಹಳ ದೊಡ್ಡದು.

ಪಾಠ ಎರಡು ಬಗೆ. ಒಂದು ನೇರ ತರಗತಿ, ಎಲ್ಲರೂ ಒಂದೇ ಹೊತ್ತಿಗೆ ಸೇರುವುದು. ಇನ್ನೊಂದು ರೆಕಾರ್ಡ್ ಮಾಡಿಟ್ಟದ್ದು, ಅವರವರ ಬಿಡುವಿಗೆ ನೋಡುವುದು. ಹೊರಗಿನಿಂದ ಎರಡೂ ವಿಡಿಯೊ. ಒಳಗಿನ ಕೆಲಸ ಪೂರ್ತಿ ಬೇರೆ. "ನನಗೆ ಯೂಟ್ಯೂಬ್ ಚೆನ್ನಾಗಿ ಓಡುತ್ತೆ, ಕ್ಲಾಸು ಮಾತ್ರ ಕಟ್ ಆಗುತ್ತೆ, ಯಾಕೆ ಸಾರ್?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದನ್ನು ಸ್ವಲ್ಪ ಬಿಡಿಸೋಣ.

ರೆಕಾರ್ಡ್ ಆದ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಒಂದೊಂದು ತುಂಡೂ ಮೂರು ನಾಲ್ಕು ಗುಣಮಟ್ಟದಲ್ಲಿ ಇರುತ್ತದೆ: ಮಸುಕು, ಸುಮಾರು, ಸ್ಪಷ್ಟ, ಹೀಗೆ. ನೀವು ಈ ತುಂಡನ್ನು ನೋಡುತ್ತಿರುವಾಗಲೇ ನಿಮ್ಮ ಫೋನು ಮುಂದಿನ ತುಂಡುಗಳನ್ನು ತರಿಸಿ ಕೂಡಿಟ್ಟುಕೊಳ್ಳುತ್ತಿರುತ್ತದೆ. ನೆಟ್ ನಿಧಾನವಾದರೆ ಮುಂದಿನ ತುಂಡಿಗೆ ಮಸುಕಿನದನ್ನು ಕೇಳುತ್ತದೆ. ಚಿತ್ರ ಮಂಕಾಗುತ್ತದೆ, ಪಾಠ ನಿಲ್ಲುವುದಿಲ್ಲ. ಕೂಡಿಟ್ಟದ್ದೂ ಖಾಲಿಯಾದಾಗ ಮಾತ್ರ ಆ ಚಕ್ರ ಸುತ್ತತೊಡಗುತ್ತದೆ.

ನೇರ ತರಗತಿಯಲ್ಲಿ ಕೂಡಿಡುವುದಕ್ಕೆ ಏನೂ ಇಲ್ಲ. ನಾನು ಇನ್ನೂ ಆಡದ ಮಾತನ್ನು ನಿಮ್ಮ ಫೋನು ಮುಂಚೆಯೇ ತರಿಸಲು ಆಗುವುದಿಲ್ಲವಲ್ಲ! ನನ್ನ ದನಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 50 ಪೊಟ್ಟಣಗಳಾಗಿ ಹೊರಡುತ್ತದೆ. ತಡವಾಗಿ ಬಂದ ಪೊಟ್ಟಣವನ್ನು ನಿಮ್ಮ ಕಡೆಯ ಆ್ಯಪ್ ಎಸೆದುಬಿಡುತ್ತದೆ. ಕಾಯುತ್ತ ಕೂತರೆ ಸಂಭಾಷಣೆಯೇ ಹಿಂದೆ ಬೀಳುತ್ತದೆ. ಒಂದೆರಡು ಪೊಟ್ಟಣ ಹೋದರೆ ಆ ಜಾಗವನ್ನು ಅಂದಾಜಿನಲ್ಲಿ ತುಂಬುತ್ತದೆ, ನಮಗೆ ಗೊತ್ತಾಗುವುದಿಲ್ಲ. ಸಾಲಾಗಿ ಹತ್ತಿಪ್ಪತ್ತು ಹೋದಾಗ ಮೇಷ್ಟ್ರ ದನಿ ರೋಬೊ ದನಿಯಾಗುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಕ್ಯಾಮೆರಾ ಆಫ್ ಮಾಡುವುದು. ದನಿಗೆ ಬೇಕಾದದ್ದು ಬಹಳ ಕಮ್ಮಿ. ಚಿತ್ರಕ್ಕೆ ಅದರ ಹತ್ತಾರು ಪಟ್ಟು ಬೇಕು. ಮುಖ ಕಾಣದಿದ್ದರೂ ಪಾಠ ನಡೆಯುತ್ತದೆ, ಮಾತು ಕೇಳದಿದ್ದರೆ ನಡೆಯುವುದಿಲ್ಲ.

ಹಾಗಂತ ನೇರ ತರಗತಿಯ ಕಷ್ಟ ಬರೀ ನೆಟ್‌ನದಲ್ಲ. ತರಗತಿಯಲ್ಲಿ ನಿಂತು ಪಾಠ ಹೇಳುವಾಗ ನನಗೆ ಗೊತ್ತಿಲ್ಲದೆಯೇ ನೂರು ಕಾಗದ ವಾಪಸ್ ಬರುತ್ತಿರುತ್ತವೆ. ಒಬ್ಬರ ಹುಬ್ಬು ಗಂಟಿಕ್ಕುತ್ತದೆ. ಹಿಂದಿನ ಬೆಂಚಿನವರು ಪಕ್ಕದವರ ಪುಸ್ತಕ ಇಣುಕುತ್ತಾರೆ. ಪೆನ್ನು ನಿಲ್ಲುತ್ತದೆ. ಅಷ್ಟರಲ್ಲೇ "ಇನ್ನೊಂದು ಸಲ ಹೇಳ್ತೀನಿ" ಅಂತ ಬಾಯಿಗೆ ಬರುತ್ತದೆ. ಆನ್‌ಲೈನ್‌ನಲ್ಲಿ ನನ್ನ ಎದುರು ಇರುವುದು ನಲವತ್ತು ಕಪ್ಪು ಚೌಕ. "ಅರ್ಥವಾಯಿತಾ?" ಅಂದರೆ ಮೌನ. ಆ ಮೌನ "ಆಯಿತು" ಅಂತಲೂ ಇರಬಹುದು, "ಇಲ್ಲ" ಅಂತಲೂ ಇರಬಹುದು, ಮ್ಯೂಟ್ ತೆಗೆಯುವ ಗುಂಡಿ ಸಿಗುತ್ತಿಲ್ಲ ಅಂತಲೂ ಇರಬಹುದು. ಅದಕ್ಕೆ ಈಗ "ಅರ್ಥವಾಯಿತಾ" ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಸಣ್ಣ ಲೆಕ್ಕ ಕೊಟ್ಟು, "ಉತ್ತರವನ್ನು ಚಾಟ್‌ನಲ್ಲಿ ಬರೆಯಿರಿ, ನಾನು ಹೇಳುವ ತನಕ ಎಂಟರ್ ಒತ್ತಬೇಡಿ" ಅನ್ನುತ್ತೇನೆ. ಆಮೇಲೆ "ಈಗ ಒತ್ತಿ" ಅಂದರೆ ನಲವತ್ತು ಉತ್ತರ ಒಟ್ಟಿಗೆ ಬೀಳುತ್ತವೆ. ಒಬ್ಬರದನ್ನು ಒಬ್ಬರು ನೋಡಿ ಬರೆಯುವಂತಿಲ್ಲ. ಮೌನಕ್ಕಿಂತ ಎಷ್ಟೋ ಮೇಲು.

ರೆಕಾರ್ಡ್ ಮಾಡಿದ ಪಾಠದಲ್ಲಿ ನನಗೆ ಬುದ್ಧಿ ಬಂದ ಕಥೆ ಹೇಳುತ್ತೇನೆ. ಮೊದಲು ನನ್ನ ವಿಡಿಯೊಗಳು 40 ನಿಮಿಷ ಇರುತ್ತಿದ್ದವು. ತರಗತಿಯ ಪೀರಿಯಡ್ ಅಷ್ಟಿರುತ್ತಲ್ಲ, ಹಾಗಾಗಿ ವಿಡಿಯೊ ಕೂಡ ಅಷ್ಟು! 2014ರಲ್ಲಿ ಎಡೆಕ್ಸ್ ಜಾಲತಾಣದ ನಾಲ್ಕು ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ ಸುಮಾರು 69 ಲಕ್ಷ ದಾಖಲೆಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು ಬಂತು. ವಿಡಿಯೊ ಎಷ್ಟೇ ಉದ್ದವಿರಲಿ, ಕಡೇಪಕ್ಷ ಅರ್ಧದಷ್ಟು ಸಲ ಜನ ಅದನ್ನು 6 ನಿಮಿಷಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಇದನ್ನು ಓದಿ ನಾನು ಹಳೆಯ 40 ನಿಮಿಷದ ವಿಡಿಯೊಗಳನ್ನೇ ಆರಾರು ನಿಮಿಷಕ್ಕೆ ಕತ್ತರಿಸಿ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು, ಅವಸರದಲ್ಲಿ ಬಿಟ್ಟಿದ್ದೆ: ತರಗತಿಯ ಉಪನ್ಯಾಸವನ್ನು ತುಂಡು ಮಾಡಿ ಹಾಕಿದರೆ ಸಾಲದು, ಆನ್‌ಲೈನ್‌ಗೆ ಅಂತಲೇ ಪಾಠವನ್ನು ಹೊಸದಾಗಿ ಯೋಚಿಸಬೇಕು.

ಸರಿ, ಹೊಸದಾಗಿ ಮಾಡಿದೆ. ಸರಾಸರಿ ಮತ್ತು ಮಧ್ಯಾಂಕದ ಬಗ್ಗೆ ಏಳು ನಿಮಿಷದ ಒಂದು ವಿಡಿಯೊ. ಉದಾಹರಣೆಗೆ ಐದು ಸಂಖ್ಯೆ ಬರೆದೆ: 3, 38, 2, 4, 3. ಕೂಡಿದರೆ 50, ಐದರಿಂದ ಭಾಗಿಸಿದರೆ ಸರಾಸರಿ 10. ಆದರೆ ಐದರಲ್ಲಿ ನಾಲ್ಕು ಸಂಖ್ಯೆಗಳು 10ರ ಹತ್ತಿರವೂ ಇಲ್ಲ. ಆ ಒಂದು 38 ಎಲ್ಲವನ್ನೂ ಎಳೆದಿದೆ. ಆಗ ಮಧ್ಯಾಂಕ, ಅಂದರೆ ನಡುವಿನ ಸಂಖ್ಯೆ, ಕೆಲಸಕ್ಕೆ ಬರುತ್ತದೆ. ಅದು 3. ಬಹಳ ಸೊಗಸಾಗಿ ಹೇಳಿದ್ದೇನೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ವಾರ ಬಿಟ್ಟು ಆ ವಿಡಿಯೊದ ನಕ್ಷೆ ತೆಗೆದು ನೋಡಿದೆ. ಯಾವ ಸೆಕೆಂಡನ್ನು ಎಷ್ಟು ಜನ ನೋಡಿದರು ಅಂತ ಅದರಲ್ಲಿ ಒಂದು ಗೆರೆ ಇರುತ್ತದೆ. ಗೆರೆ ಸಾಮಾನ್ಯವಾಗಿ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಇದರಲ್ಲಿ 4 ನಿಮಿಷ 10 ಸೆಕೆಂಡಿನ ಹತ್ತಿರ ಒಂದು ಗುಡ್ಡ ಎದ್ದಿತ್ತು. ಜನ ಅಲ್ಲಿಗೆ ಮತ್ತೆ ಮತ್ತೆ ಹಿಂದೆ ಹೋಗಿ ನೋಡುತ್ತಿದ್ದರು. ಇಷ್ಟವಾಗಿರಬೇಕು ಅಂದುಕೊಂಡೆ. ಪಾಪ! ಹೋಗಿ ಆ ಜಾಗ ಹಾಕಿ ನೋಡಿದರೆ, ನಾನು "ಇದು ನಿಮಗೆ ಗೊತ್ತೇ ಇದೆ" ಅನ್ನುತ್ತ ಸಂಖ್ಯೆಗಳನ್ನು ಅಳಿಸಿ 2, 3, 3, 4, 38 ಅಂತ ಬರೆದುಬಿಟ್ಟಿದ್ದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ, ಜೋಡಿಸದೆ ನಡುವಿನದನ್ನು ತೆಗೆಯಬಾರದು ಅಂತ ಹೇಳಲೇ ಇಲ್ಲ. ಎರಡು ಸೆಕೆಂಡಿನ ಕೆಲಸ. ಅವರಿಗೆ ಗೊತ್ತೇ ಇಲ್ಲದ ಜಾಗ ಅದೊಂದೇ ಆಗಿತ್ತು.

ಇದು ಕ್ವಿಜ್‌ನಲ್ಲೂ ಕಾಣಿಸಿತು. ಕ್ವಿಜ್ ಅಂದರೆ ಮಾರ್ಕ್ಸ್ ಕೊಡುವ ಯಂತ್ರ ಅಂತ ತಿಳಿಯಬೇಡಿ. ಒಳ್ಳೆಯ ಕ್ವಿಜ್‌ನ ಜೀವ ಇರುವುದು ತಪ್ಪು ಉತ್ತರಗಳಲ್ಲಿ. ನನ್ನ ಪ್ರಶ್ನೆ ಹೀಗಿತ್ತು: 7, 1, 9, 4, 5, ಇವುಗಳ ಮಧ್ಯಾಂಕ ಯಾವುದು? ಸರಿ ಉತ್ತರ 5. ಉಳಿದ ಆಯ್ಕೆಗಳನ್ನು ನಾನು ಸುಮ್ನೆ ಹಾಕಿರಲಿಲ್ಲ. 5.2 ಅಂದವರು ಸರಾಸರಿ ಮಾಡಿದ್ದಾರೆ. 26 ಅಂದವರು ಕೂಡಿ ನಿಲ್ಲಿಸಿದ್ದಾರೆ. 9 ಅಂದವರು ಜೋಡಿಸದೆ ನಡುವಿನದನ್ನು ಹೆಕ್ಕಿದ್ದಾರೆ. ಅಂದರೆ ಒಂದೊಂದು ತಪ್ಪಿಗೂ ಒಂದೊಂದು ದಾರಿ ಇದೆ. ಆ ವಾರ 9 ಒತ್ತಿದವರೇ ಜಾಸ್ತಿ. ಈಗ ಯಾರಾದರೂ 9 ಒತ್ತಿದರೆ ಪರದೆಯ ಮೇಲೆ "ತಪ್ಪು" ಅಂತ ಕೆಂಪಗೆ ಬರುವುದಿಲ್ಲ. "ಸಂಖ್ಯೆಗಳನ್ನು ಇದ್ದ ಹಾಗೇ ಇಟ್ಟು ನಡುವಿನದನ್ನು ತೆಗೆದುಕೊಂಡಿರಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಇನ್ನೊಮ್ಮೆ ನೋಡಿ" ಅಂತ ಬರುತ್ತದೆ. ಅದು ನಾನೇ ಬರೆದ ಮಾತು, ಒಂದು ಸಲ ಕೂತು ಬರೆದಿಟ್ಟದ್ದು. ರಾತ್ರಿ 11:58ಕ್ಕೆ ಒತ್ತಿದರೂ ತಿದ್ದಿದ ಕಾಗದ ಆ ಕ್ಷಣವೇ ಕೈಗೆ ಸಿಗುತ್ತದೆ. ಪಿಟ್‌ಮನ್‌ನ ವಿದ್ಯಾರ್ಥಿ ಅಂಚೆಯವನ ದಾರಿ ಕಾಯಬೇಕಿತ್ತು. ಅಂಚೆಯನ್ನು ಆನ್‌ಲೈನ್ ಮೀರಿಸುವುದು ಇಲ್ಲಿ ಅಂತ ನನ್ನ ಎಣಿಕೆ.

ಕ್ವಿಜ್ ಬಗ್ಗೆ ಇನ್ನೊಂದು ಮಾತು ಹೇಳದೆ ಹೋಗಲಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಪಠ್ಯವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇಕಡಾ 40, ನೆನಪಿಸಿಕೊಂಡು ಬರೆದವರಿಗೆ ಶೇಕಡಾ 61. ಒಂದೇ ವಿಡಿಯೊವನ್ನು ಮೂರು ಸಲ ನೋಡಿ "ಚೆನ್ನಾಗಿ ಬಂತು" ಅನ್ನಿಸುವುದಿದೆಯಲ್ಲ, ಅದು ಆ ಐದು ನಿಮಿಷದ ಭ್ರಮೆ. ವಾರ ಕಳೆದರೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಈಗ ದೊಡ್ಡ ಸಂಖ್ಯೆಗಳಿಗೆ ಬರೋಣ. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಮ್ಮ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ಸುಮಾರು 1,60,000 ಜನ ಸೇರಿದರು. ಜಗತ್ತೇ ಬೆರಗಾಯಿತು. ಮರುವರ್ಷ ಕೋರ್ಸೆರಾ, ಎಡೆಕ್ಸ್, ಯುಡಾಸಿಟಿ ಅನ್ನುವ ಆನ್‌ಲೈನ್ ಕೋರ್ಸಿನ ಜಾಲತಾಣಗಳೆಲ್ಲ ಬಂದವು. 2012ರಲ್ಲಿ ಅಮೆರಿಕದ ಎಮ್‌ಐಟಿ ವಿಶ್ವವಿದ್ಯಾಲಯ ನಡೆಸಿದ ವಿದ್ಯುತ್ ಮಂಡಲಗಳ ಕೋರ್ಸಿಗೆ ಸುಮಾರು 1,55,000 ಜನ ಹೆಸರು ಕೊಟ್ಟರು. ಕೊನೆಯ ತನಕ ಬಂದು ಪಾಸಾದವರು 7,157.

ಅಗಸ ಹೊಸದರಲ್ಲಿ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ. ನಗಬೇಡಿ, ಅವರಲ್ಲಿ ನಾನೂ ಒಬ್ಬ. ಆ ಕೋರ್ಸಲ್ಲ, ಬೇರೊಂದು. ಮೊದಲ ವಾರ ಹೊಸ ನೋಟ್‌ಬುಕ್ಕು, ಮೂರು ಬಣ್ಣದ ಪೆನ್ನು. ಎರಡನೇ ವಾರ ಅಸೈನ್‌ಮೆಂಟ್ ಕೊಟ್ಟೆ. "ನಿಮ್ಮ ಉತ್ತರ ಸ್ವೀಕರಿಸಲಾಗಿದೆ" ಅಂತ ಬಂತು. ಅಷ್ಟೇ. ಸರಿಯೋ ತಪ್ಪೋ ಇಲ್ಲ, ಒಂದು ಮಾತಿಲ್ಲ. ಚರ್ಚೆಯ ಪುಟದಲ್ಲಿ ಪ್ರಶ್ನೆ ಕೇಳಿದೆ, ಹಾಳೂರಿನಲ್ಲಿ ಕೂಗಿದ ಹಾಗಾಯಿತು. ಮೂರನೇ ವಾರ ನಾನು ಹೋಗಲಿಲ್ಲ. ಹೋಗಲಿಲ್ಲ ಅಂತ ಯಾರೂ ಕೇಳಲೂ ಇಲ್ಲ. ಮನೆಪಾಠಕ್ಕೆ ಎರಡು ದಿನ ತಪ್ಪಿಸಿದರೆ "ಯಾಕೋ ಬರಲಿಲ್ಲ" ಅಂತ ಹೇಳಿಕಳಿಸುವ ಮೇಷ್ಟ್ರ ಬೆಲೆ ನನಗೆ ಆಗ ಗೊತ್ತಾಯಿತು.

ಆದರೆ ಆ ಒಂದೂವರೆ ಲಕ್ಷವನ್ನೆಲ್ಲ ಸೋತವರು ಅನ್ನುವುದೂ ತಪ್ಪು. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಿರುವಿಹಾಕಿ ಇಟ್ಟು ಬಂದರೆ ನಾವು ಫೇಲಾದೆವು ಅನ್ನುವುದಿಲ್ಲವಲ್ಲ! ಎಷ್ಟೋ ಜನ ಹೇಗಿದೆ ನೋಡೋಣ ಅಂತ ಬಂದಿರುತ್ತಾರೆ. ಬೇಕಾದ ಒಂದು ಪಾಠ ನೋಡಿ ಹೋಗಿರುತ್ತಾರೆ. ಚಿಂತೆ ಇರುವುದು ಮುಗಿಸಬೇಕು ಅಂತಲೇ ಬಂದು, ನಡುದಾರಿಯಲ್ಲಿ ಒಂಟಿಯಾಗಿ ನಿಂತವರ ಬಗ್ಗೆ.

ಲಕ್ಷ ಜನರ ಕಾಗದ ಯಾರು ತಿದ್ದಬೇಕು? ಪ್ರೋಗ್ರಾಮಿಂಗ್ ಆದರೆ ಸುಲಭ. ನೀವು ಬರೆದ ಕೋಡನ್ನು ಯಂತ್ರವೇ ಓಡಿಸಿ, ಹತ್ತಾರು ಪರೀಕ್ಷೆಗಳನ್ನು ಕೊಟ್ಟು, ಎಲ್ಲಿ ಎಡವಿತು ಅಂತ ಹೇಳುತ್ತದೆ. ಪ್ರಬಂಧ ಆದರೆ? ಅದಕ್ಕೆ ವಿದ್ಯಾರ್ಥಿಗಳೇ ಒಬ್ಬರದನ್ನೊಬ್ಬರು ತಿದ್ದುವ ಪದ್ಧತಿ ತಂದರು. ನಿಮ್ಮ ಬರಹ ಹೆಸರಿಲ್ಲದೆ ಮೂರು ನಾಲ್ಕು ಜನಕ್ಕೆ ಹೋಗುತ್ತದೆ. ಅವರು ಕೊಟ್ಟ ಅಂಕಗಳಲ್ಲಿ ನಡುವಿನದನ್ನು ತೆಗೆದುಕೊಳ್ಳುವುದು ರೂಢಿ. ಹೌದು, ಅದೇ ಮಧ್ಯಾಂಕ! ಯಾರೋ ಒಬ್ಬರು ಸಿಟ್ಟಿನಲ್ಲಿ ಸೊನ್ನೆ ಕೊಟ್ಟರೂ ನಿಮಗೆ ಪೆಟ್ಟು ಬೀಳಬಾರದಲ್ಲ. ಈ ಪದ್ಧತಿಗೆ ಬೈಯುವವರಿದ್ದಾರೆ. "ನನ್ನಷ್ಟೇ ಗೊತ್ತಿರುವವರು ನನ್ನದನ್ನು ಏನು ತಿದ್ದುತ್ತಾರೆ" ಅನ್ನುತ್ತಾರೆ. ಇನ್ನೊಬ್ಬರ ಬರಹ ತಿದ್ದುವಾಗ ನಮ್ಮದರ ತಪ್ಪು ನಮಗೇ ಕಾಣುತ್ತದೆ, ಅದು ನಿಜ. ತಿಳಿದವರು ತಿದ್ದಿದಷ್ಟು ಹಿತ ಅದರಲ್ಲಿ ಇಲ್ಲ, ಅದೂ ನಿಜ.

ಪರೀಕ್ಷೆಯ ಬಗ್ಗೆ ಎರಡೇ ಮಾತು. ಪ್ರಶ್ನೆಗಳ ಕಣಜ ಮಾಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ, ಬೇರೆ ಬೇರೆ ಸಂಖ್ಯೆ ಬರುವ ಹಾಗೆ ಮಾಡುವುದು ಒಳ್ಳೆಯ ಉಪಾಯ. ಕ್ಯಾಮೆರಾ ಹಾಕಿ ಕಣ್ಣು ಆಚೀಚೆ ಹೋದರೆ ಕಳ್ಳತನ ಅಂತ ಗುರುತು ಹಾಕುವ ಯಂತ್ರ ನನಗೆ ಹಿಡಿಸುವುದಿಲ್ಲ. ಯೋಚನೆ ಮಾಡುವವರು ಸೂರು ನೋಡುತ್ತಾರೆ, ಕಿಟಕಿ ನೋಡುತ್ತಾರೆ. ನಾನಂತೂ ಪುಸ್ತಕ ತೆರೆದಿಟ್ಟೇ ಬರೆಯಿರಿ ಅನ್ನುತ್ತೇನೆ. ಆಮೇಲೆ ಐದು ನಿಮಿಷ ಕರೆ ಮಾಡಿ, "ಈ ಹೆಜ್ಜೆ ಯಾಕೆ ಹಾಕಿದಿರಿ?" ಅಂತ ಕೇಳುತ್ತೇನೆ. ಬೇರೆಯವರ ಉತ್ತರ ತಂದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಈಗ ಚಾಟ್‌ಬಾಟ್‌ಗಳು ಬಂದ ಮೇಲೆ ಇದು ಇನ್ನೂ ಜಾಸ್ತಿ ಬೇಕಾಗಿದೆ.

2020ರ ವಿಷಯ ಎತ್ತದಿದ್ದರೆ ನೀವು ಬಿಡುವುದಿಲ್ಲ. ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳಿಗೆ ತೊಂದರೆಯಾಯಿತು ಅಂತ ವಿಶ್ವಸಂಸ್ಥೆಯ ಲೆಕ್ಕ. ರಾತ್ರೋರಾತ್ರಿ ಎಲ್ಲರೂ ಪರದೆಯ ಮುಂದೆ ಕೂತರು. ಮನೆಗೊಂದು ಫೋನು, ಮೂರು ಮಕ್ಕಳಿಗೆ ಒಂದೇ ಹೊತ್ತಿಗೆ ಕ್ಲಾಸು. ಆ ಕಹಿಯಿಂದಲೇ ಬಹಳ ಜನ ಆನ್‌ಲೈನ್ ಶಿಕ್ಷಣವನ್ನು ಅಳೆಯುತ್ತಾರೆ. ಅದು ಬೆಂಕಿ ಬಿದ್ದಾಗ ಕೈಗೆ ಸಿಕ್ಕ ಬಕೆಟ್ಟು. ತಿಂಗಳುಗಟ್ಟಲೆ ಯೋಚಿಸಿ ಕಟ್ಟಿದ ಕೋರ್ಸನ್ನು ಅದರ ಜೊತೆ ಹೋಲಿಸಬೇಡಿ. ಆದರೆ ಫೋನು ಇಲ್ಲದ, ನೆಟ್ ಇಲ್ಲದ, ಕೂತು ಓದಲು ಒಂದು ಮೂಲೆ ಇಲ್ಲದ ಮಗುವಿಗೆ ಎಂಥ ಒಳ್ಳೆಯ ಕೋರ್ಸೂ ಮುಚ್ಚಿದ ಬಾಗಿಲೇ. ಈ ಮಾತು ಆಗಲೂ ನಿಜ, ಈಗಲೂ ನಿಜ.

ಕೊನೆಯಲ್ಲಿ, ಇಲ್ಲಿ ಹಲವರು ಯಾವುದಾದರೂ ಕೋರ್ಸಿಗೆ ಸೇರುವ ಯೋಚನೆಯಲ್ಲಿದ್ದೀರಿ ಅಂತ ಗೊತ್ತು. ದುಡ್ಡು ಕಟ್ಟುವ ಮುಂಚೆ ವಿಡಿಯೊ ಎಷ್ಟು ಗಂಟೆ ಇದೆ ಅಂತ ನೋಡಬೇಡಿ. "ನೂರು ಗಂಟೆಯ ಪಾಠ" ಅಂದರೆ ಹೆದರಬೇಕು, ಹಿಗ್ಗಬಾರದು. ಮೊದಲ ವಾರದ ಪಾಠ ತೆರೆದು ತೋರಿಸಿ ಅಂತ ಕೇಳಿ. ಅದರ ಕ್ವಿಜ್‌ನಲ್ಲಿ ಬೇಕಂತಲೇ ಒಂದು ತಪ್ಪು ಉತ್ತರ ಒತ್ತಿ, ಏನು ವಾಪಸ್ ಬರುತ್ತದೆ ನೋಡಿ. ಚರ್ಚೆಯ ಪುಟಕ್ಕೆ ಹೋಗಿ ಮೂರನೇ, ನಾಲ್ಕನೇ ವಾರದ ಪ್ರಶ್ನೆಗಳನ್ನು ಓದಿ. ಮೊದಲ ವಾರದಲ್ಲಿ ಎಲ್ಲರೂ ಉತ್ತರ ಕೊಡುತ್ತಾರೆ. ನಾಲ್ಕನೇ ವಾರದ ಪ್ರಶ್ನೆಗೆ ಎಷ್ಟು ದಿನಕ್ಕೆ ಉತ್ತರ ಬಂದಿದೆ, ಬರೆದವರು ಯಾರು, ಅಷ್ಟು ನೋಡಿದರೆ ಸಾಕು.

ಆ ಮಧ್ಯಾಂಕದ ವಿಡಿಯೊ ಏನಾಯಿತು ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಮತ್ತೆ ಮಾಡಿದೆ. ಸಂಖ್ಯೆಗಳನ್ನು ಅಳಿಸದೆ, ಕೆಳಗೆ ಒಂದೊಂದಾಗಿ ಎಳೆದು ಜೋಡಿಸಿ ತೋರಿಸಿದೆ. 4 ನಿಮಿಷ 10 ಸೆಕೆಂಡಿನ ಗುಡ್ಡ ಹೋಯಿತು. ಈಗ 6 ನಿಮಿಷದ ಹತ್ತಿರ ಇನ್ನೊಂದು ಸಣ್ಣ ದಿಬ್ಬ ಕಾಣಿಸುತ್ತಿದೆ. ಸಂಖ್ಯೆಗಳು ಐದರ ಬದಲು ಆರು ಇದ್ದರೆ ನಡುವಿನದು ಯಾವುದು ಅಂತ ನಾನು ಅಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ್ದೇನೆ. ಈ ಭಾನುವಾರ ಕೂತು ಅದನ್ನು ಸರಿಮಾಡಬೇಕು.